ಬತ್ತಳಿಕೆ ಕೊಳ್ಳುವ ಮುಂಚೆ ಅದರ ತಳ ನೋಡಿ

‘ಬೋಹಂಟಿಂಗ್ ಕ್ವಿವರ್ (ಬಿಲ್ಲುಬೇಟೆಯ ಬತ್ತಳಿಕೆ), ಅಸಲಿ ಚರ್ಮ, ಕೈಹೊಲಿಗೆ’ ಎಂದು ಚೀಟಿ ಅಂಟಿಸಿದ ಬತ್ತಳಿಕೆಗಳು ಈಗ ಪುಣೆಯಲ್ಲೂ ಸಿಗುತ್ತಿವೆ. ನೋಡಲು ಚೆಂದ. ಕಂದು ಬಣ್ಣ, ಹಿತ್ತಾಳೆ ಬಕಲ್, ಬೆನ್ನಿಗೆ ಅಡ್ಡ ಹಾಕಿಕೊಳ್ಳುವ ಅಗಲವಾದ ಪಟ್ಟಿ. ಅಂಥದ್ದೊಂದನ್ನು ಕೊಂಡೆವು. ಅದರ ತಳ ಕಿತ್ತು ಬಾಣಗಳು ಪೌಡ್ ರಸ್ತೆಯ ನಡುವೆ ಬಿದ್ದವು. ಆಮೇಲೆ ಅದರಲ್ಲೊಂದು ಬಾಣ ನನ್ನ ಅಣ್ಣನ ಮಗನ ಕೈ ಹರಿಯುವುದು ಸ್ವಲ್ಪದರಲ್ಲಿ ತಪ್ಪಿತು. ಮನೆಯಲ್ಲಿ ಬಿಲ್ಲು ಹಿಡಿಯುವ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

ಅಂಗಡಿಯ ಹೆಸರು ಹೇಳುವುದಿಲ್ಲ. ಮಾಲೀಕರು ಮರಾಠಿಯಲ್ಲಿ ಶುರು ಮಾಡಿದರು. ನಾವು ಚಿಕ್ಕಪ್ಪ–ಮಗ ನಮ್ಮೊಳಗೆ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು, “ಅರೆ, ನೀವು ನಮ್ಮ ಕಡೆಯವ್ರೇನ್ರಿ?” ಅಂದರು. ಬೆಳಗಾವಿ ಕಡೆಯವರಂತೆ. ಮಾತು ಕನ್ನಡಕ್ಕೆ ತಿರುಗಿತು, ಬೆಲೆ ಮಾತ್ರ ಇದ್ದಲ್ಲೇ ಇತ್ತು, ನಾಲ್ಕು ಸಾವಿರದ ಮೇಲೆ.

“ಇದು ಪೂರಾ ತೊಗಲೇನ್ರಿ?” ಎಂದು ಕೇಳಿದೆ.

“ಸಂಶಯನ ಬ್ಯಾಡ್ರಿ ಸರ. ಅಮೆರಿಕಾದಾಗ ಜಿಂಕಿ ಬ್ಯಾಟಿಗೆ ಹೋಗೋರು ಇಂಥಾದ್ದನ್ನ ಹಾಕ್ಕೋತಾರ.”

“ತಳಕ್ಕೆ ಏನು ಕೊಟ್ಟೀರಿ?”

“ಡಬಲ್ ಲೇಯರ್ ಐತ್ರಿ. ಈಟಿ ಇಟ್ರೂ ಏನೂ ಆಗಂಗಿಲ್ಲ.”

ಜೊತೆಗೆ ಮೂರು ಬ್ರಾಡ್‌ಹೆಡ್, ಅಂದರೆ ಬೇಟೆಯ ಬಾಣಕ್ಕೆ ಹಾಕುವ ಅಲಗಿನ ಮೊನೆ, ಪುಕ್ಕಟೆ ಕೊಟ್ಟರು. ಆ ಪುಕ್ಕಟೆ ಮಾಲಿನ ಕಥೆ ಬೇರೆ, ಮುಂದೆ ಹೇಳುತ್ತೇನೆ.

ಮೊದಲು ಕೈಕೊಟ್ಟದ್ದು ಬತ್ತಳಿಕೆಯ ಬಾಯಿ. ಹೊಸದರಲ್ಲಿ ಗಟ್ಟಿಯಾಗಿ ನಿಂತಿದ್ದ ಅಂಚು ಜೋತುಬಿದ್ದು, ಒಂದು ಬಾಣ ತೆಗೆಯಲು ಹೋದರೆ ಎರಡು ಮೂರು ಒಟ್ಟಿಗೆ ಬರತೊಡಗಿದವು. ಮಳೆಗಾಲ ಶುರುವಾದ ಮೇಲೆ ಒಳಗಡೆಯಿಂದ ಕಪ್ಪು ಹೊಟ್ಟು ಉದುರಲು ಶುರುವಾಯಿತು. ಬಾಣದ ಬಿಳಿ ಗರಿಗಳಿಗೆಲ್ಲ ಅದೇ ಮೆತ್ತಿಕೊಳ್ಳುತ್ತಿತ್ತು. ಇದನ್ನೆಲ್ಲ ಸಹಿಸಬಹುದಿತ್ತು.

ತಳ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಕೋಥರೂಡಿನಿಂದ ಸ್ಕೂಟರಿನಲ್ಲಿ ಚಾಂದನಿ ಚೌಕ ದಾಟಿ, ಭೂಗಾಂವ್ ಆಚೆ ಇರುವ ಗೆಳೆಯರ ತೋಟಕ್ಕೆ ಹೊರಟಿದ್ದೆವು. ಹುಡುಗ ಹಿಂದೆ ಕೂತಿದ್ದ, ಬತ್ತಳಿಕೆ ಅವನ ಬೆನ್ನಿಗಿತ್ತು. ಒಂದು ಹಂಪ್ ಹಾರಿದ್ದೇ ತಡ, ಖಣಖಣ ಸದ್ದು. ತಿರುಗಿ ನೋಡಿದರೆ ನಾಲ್ಕು ಬಾಣ ಟಾರಿನ ಮೇಲೆ ಹೊರಳುತ್ತಿದ್ದವು. ಹಿಂದಿದ್ದ ಟೆಂಪೊದವನು ಬ್ರೇಕ್ ಹಾಕಿದ, ಆದರೆ ಒಂದು ಬಾಣ ಅಷ್ಟರಲ್ಲಿ ಚಕ್ರದ ಕೆಳಗಾಗಿತ್ತು. ಅವನು ಬಯ್ದದ್ದನ್ನು ಇಲ್ಲಿ ಬರೆಯುವುದಿಲ್ಲ. ಬಾಣದ ಮೊನೆ ಬೈಕಿನವರ ಟೈರಿಗೋ ಕಾಲಿಗೋ ಚುಚ್ಚಿದ್ದರೆ ಬಯ್ಗುಳಕ್ಕೆ ಮುಗಿಯುತ್ತಿರಲಿಲ್ಲ.

ಈಗ ಹೇಳುವುದನ್ನು ಕಾರ್ಬನ್ ಬಾಣ ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಚಕ್ರದ ಕೆಳಗಾದ ಬಾಣ ಕಣ್ಣಿಗೆ ನೆಟ್ಟಗೇ ಕಾಣುತ್ತಿತ್ತು. ಹುಡುಗ ಅದನ್ನು ಒರೆಸಿ ಹೆದೆಗೆ ಹೂಡಿಯೂ ಬಿಟ್ಟಿದ್ದ. ತೋಟದ ಗೆಳೆಯರು ಹಿಂದೆ ಸೈನ್ಯದಲ್ಲಿದ್ದವರು, ಬಿಲ್ಲು ಚೆನ್ನಾಗಿ ಬಲ್ಲವರು. “ತಡಿ ಮಗಾ, ಅದನ್ನ ಇಲ್ಲಿ ಕೊಡು” ಎಂದು ಕೈಯಿಂದ ಕಸಿದುಕೊಂಡರು. ಎರಡು ತುದಿ ಹಿಡಿದು, ಮುಖದಿಂದ ದೂರವಿಟ್ಟು, ಮೆಲ್ಲಗೆ ಬಗ್ಗಿಸಿದರು. ಸ್ವಲ್ಪ ತಿರುಗಿಸಿ ಮತ್ತೆ ಬಗ್ಗಿಸಿದರು. ಮೂರನೇ ಮಗ್ಗುಲಿಗೆ ಬಂದಾಗ ಚಟಚಟ ಅಂತು. ಇನ್ನೊಂದಿಷ್ಟು ಬಗ್ಗಿಸಿದಾಗ ನಡುವೆ ಕೂದಲಿನಷ್ಟು ಸಣ್ಣ ಕಪ್ಪು ಎಳೆಗಳು ಎದ್ದು ನಿಂತವು. ಅಂಥ ಬಾಣವನ್ನು ಬಿಟ್ಟರೆ ಹೆದೆಯ ಹೊಡೆತಕ್ಕೆ ಸಿಡಿದು, ಬಿಲ್ಲು ಹಿಡಿದ ಕೈಗೇ ಸೀಳುಗಳು ನುಗ್ಗಬಹುದು. ಕಾರ್ಬನ್ ಬಾಣ ಮಾಡುವ ಕಂಪನಿಗಳೇ ಈ ಎಚ್ಚರಿಕೆ ಕೊಟ್ಟಿರುತ್ತವೆ. ಬಾಣ ಬಿದ್ದರೆ, ಕಲ್ಲಿಗೆ ತಾಗಿದರೆ, ಇನ್ನೊಂದು ಬಾಣ ಅದಕ್ಕೆ ಬಡಿದರೆ, ಬಗ್ಗಿಸಿ ಕಿವಿಗೊಟ್ಟು ನೋಡದೆ ಮತ್ತೆ ಹೂಡಬೇಡಿ. ಸದ್ದು ಬಂದರೆ ಮುರಿದು ಎಸೆಯಿರಿ. ಮುರಿಯದೆ ಎಸೆದರೆ ಅಕ್ಕಪಕ್ಕದ ಮಕ್ಕಳು ಎತ್ತಿಕೊಳ್ಳುತ್ತಾರೆ.

ಬತ್ತಳಿಕೆಯನ್ನು ಕೊಲ್ಹಾಪುರಿ ಚಪ್ಪಲಿ ಮಾಡುವ ಒಬ್ಬರ ಬಳಿ ಒಯ್ದೆ. ಮೂಲ ಅಥಣಿಯವರು. (ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ, ಅಂದರೆ ಆ ಹೆಸರಿನ ಮಾಲು ಯಾವ ಊರುಗಳದ್ದು ಎಂದು ಹೇಳುವ ಸರ್ಕಾರಿ ಗುರುತಿನಲ್ಲಿ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಪುಣೆಯಲ್ಲಿ ಇದನ್ನು ಹೇಳಿದರೆ ಒಂದು ಸಣ್ಣ ಜಗಳ ಗ್ಯಾರಂಟಿ.) ಅವರು ಅದನ್ನು ಮೂಸಿ ನೋಡಿ ನಕ್ಕರು. ರಂಪಿಗೆ ತೆಗೆದುಕೊಂಡು ಬಾಯಿಯ ಅಂಚನ್ನು ಒಂದು ಬೆರಳಿನಷ್ಟು ಸೀಳಿ ಬೆಳಕಿಗೆ ಹಿಡಿದರು. ಮೇಲೆ ಬಣ್ಣದ ತೆಳು ಪ್ಲಾಸ್ಟಿಕ್ ಪೊರೆ, ಅದರ ಕೆಳಗೆ ಒತ್ತಿ ಅಂಟಿಸಿದ ಕಂದು ಪುಡಿ, ಒಳಮೈಗೆ ಬಟ್ಟೆ.

“ಇದು ತೊಗಲಲ್ರಿ, ತೊಗಲಿನ ಪುಡಿ” ಅಂದರು. “ಕತ್ತರಿಸಿದಾಗ ಬಿದ್ದ ಚೂರು ಚಿಂದಿ ಅರೆದು, ಅಂಟು ಹಾಕಿ ಹಾಳಿ ಮಾಡ್ತಾರ. ಮ್ಯಾಲ ರೆಕ್ಸಿನ್ ಹಂಗ ಬಣ್ಣ ಕುಂದ್ರಸ್ತಾರ.”

ಆಮೇಲೆ ತನ್ನ ಚಪ್ಪಲಿಯ ಅಟ್ಟೆಯ ತುಂಡೊಂದನ್ನು ಅದೇ ಥರ ಕೊಯ್ದು ತೋರಿಸಿದರು. ಅಂಚಿನುದ್ದಕ್ಕೂ ಒಂದೇ ಬಣ್ಣ, ಒಂದರೊಳಗೊಂದು ಹೆಣೆದುಕೊಂಡ ನಾರು, ಪದರ ಅನ್ನುವುದೇ ಇಲ್ಲ. ಬತ್ತಳಿಕೆಯ ತಳ ಬಿಚ್ಚಿದಾಗ ಆ ‘ಡಬಲ್ ಲೇಯರ್’ ಹೊರಬಂತು: ನೆನೆದು ಊದಿದ ರಟ್ಟು. ಮಿಠಾಯಿ ಡಬ್ಬಿಯ ರಟ್ಟಿಗಿಂತ ಒಂದು ಚೂರು ದಪ್ಪ ಇತ್ತು, ಅಷ್ಟೇ. ಬಾಣದ ಉಕ್ಕಿನ ಮೊನೆಗಳು ಅದನ್ನು ಎಂದೋ ತೂತು ಮಾಡಿ ಹೊಲಿಗೆಯನ್ನು ಕುಟ್ಟುತ್ತಿದ್ದವು. ಹೊಲಿಗೆಯೂ ಮಿಷನ್‌ದು, ಮೇಲೆ ಮಾತ್ರ ಕೈಹೊಲಿಗೆಯಂತೆ ಕಾಣಲಿ ಎಂದು ಒಂದು ದಪ್ಪ ದಾರ ಓಡಿಸಿದ್ದರು.

ಆದ್ದರಿಂದ ಕೊಳ್ಳುವಾಗ ಮೇಲಿನ ಚಿತ್ತಾರ ಬಿಡಿ, ಅಂಚು ನೋಡಿ. ಪಟ್ಟಿಗೆ ತೂತು ಹೊಡೆದ ಜಾಗದಲ್ಲಿ ಒಳಮೈ ಕಾಣುತ್ತದೆ, ಅಲ್ಲಿ ಪದರಗಳಿದ್ದರೆ ಅದು ಅಸಲಿ ಅಲ್ಲ. ಕೈಯನ್ನು ಒಳಗೆ ತೂರಿಸಿ ತಳವನ್ನು ಹೆಬ್ಬೆರಳಿನಿಂದ ಒತ್ತಿ, ಬಗ್ಗಬಾರದು. ತಳಕ್ಕೆ ಅಟ್ಟೆಯಷ್ಟು ದಪ್ಪದ ತೊಗಲು ಇರಬೇಕು. ಒಳಗೆ ಕುರಿಯ ಉಣ್ಣೆಚರ್ಮ ಹಾಕಿದ್ದರೆ ಉತ್ತಮ, ಇಲ್ಲದಿದ್ದರೆ ಹಳೆ ಕಂಬಳಿಯ ತುಂಡು ಮಡಚಿ ಹಾಕಿದರೂ ನಡೆಯುತ್ತದೆ. ಬಾಣ ಖಣಗುಟ್ಟುವುದು ನಿಲ್ಲುತ್ತದೆ, ಮೊನೆಯೂ ತಳ ಕೊರೆಯುವುದಿಲ್ಲ. ಮಳೆಯಲ್ಲಿ ನೆನೆದರೆ ತೆಗೆದು ಒಣಗಿಸಿ, ಇಲ್ಲದಿದ್ದರೆ ಮೊನೆಗಳಿಗೆ ತುಕ್ಕು ಹಿಡಿಯುತ್ತದೆ.

ಬಾಯಿ ಜೋತುಬಿದ್ದದ್ದಕ್ಕೂ ಕಾರಣವಿದೆ. ಮೆತ್ತನೆಯ ಬತ್ತಳಿಕೆಗೆ ಉದ್ದಕ್ಕೂ ಒಂದು ಬೆನ್ನುಕಡ್ಡಿ ಬೇಕು, ನಮ್ಮದರಲ್ಲಿ ಇರಲಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ‘ಓಟ್ಸಿ’ ಎಂಬ ಮನುಷ್ಯನ ಬಳಿ ಚರ್ಮದ ಬತ್ತಳಿಕೆಯಿತ್ತು. ಅದರಲ್ಲಿ ಹದಿನಾಲ್ಕು ಬಾಣ, ಪೂರ್ತಿ ತಯಾರಾದವು ಎರಡೇ. ಆದರೆ ಆ ಚರ್ಮದ ಚೀಲದ ಪಕ್ಕಕ್ಕೆ ಹೇಝಲ್ ಮರದ ಕಡ್ಡಿಯೊಂದನ್ನು ಆಸರೆಯಾಗಿ ಕೊಟ್ಟಿದ್ದರು. ಕಬ್ಬಿಣವನ್ನೇ ಕಾಣದ ಕಾಲದವರಿಗೆ ಹೊಳೆದದ್ದು ಈ ಅಂಗಡಿಯವರಿಗೆ ಹೊಳೆದಿಲ್ಲ. ಅಥಣಿಯವರು ಒಂದು ಬಿದಿರ ಸೀಳು ಸಾಕು ಅಂದರು.

ಇನ್ನು ಅಳತೆ. ನಿಮ್ಮ ಬಾಣವನ್ನೇ ಅಂಗಡಿಗೆ ಒಯ್ಯಿರಿ. 30 ಇಂಚಿನ ಬಾಣಕ್ಕೆ 5 ಇಂಚಿನ ಗರಿ ಇದ್ದರೆ ನಾಕ್‌ನಿಂದ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ) ಆರು ಇಂಚಿಗೂ ಹೆಚ್ಚು ಗರಿಯ ಜಾಗವೇ ಆಯಿತು. ಬತ್ತಳಿಕೆ 22 ಇಂಚಿಗಿಂತ ಆಳವಾದರೆ ಗರಿ ಬಾಯಿಗೆ ಉಜ್ಜಿ ಹಾಳಾಗುತ್ತದೆ. ತೀರಾ ಗಿಡ್ಡವಾದರೆ ಬಗ್ಗಿದ ಕೂಡಲೇ ಬಾಣ ತಲೆಯ ಮೇಲಿಂದ ಸುರಿಯುತ್ತದೆ. ಬಾಣ ತುಂಬಿ, ಬೆನ್ನಿಗೆ ಹಾಕಿ, ಅಂಗಡಿಯಲ್ಲೇ ನೆಲದ ಮೇಲಿನ ನಾಣ್ಯ ಎತ್ತುವಂತೆ ಬಗ್ಗಿ ನೋಡಿ. ಅವರು ಏನಂದುಕೊಂಡರೂ ಸರಿ. ಎಡಗೈಯವರಾದರೆ ಪಟ್ಟಿ ಯಾವ ಕಡೆಗೆ ಹೊಲಿದಿದೆ ಎಂದೂ ನೋಡಿ. ನಮ್ಮ ಹುಡುಗ ಎಡಚ, ಅವರು ಕೊಟ್ಟದ್ದು ಬಲಗೈಯವರದ್ದು. ‘ಎರಡೂ ಕಡೆ ನಡೀತದ’ ಅನ್ನುವ ಮಾತಿಗೆ ಅರ್ಥವಿಲ್ಲ.

ನನ್ನನ್ನು ಕೇಳಿದರೆ ಪುಣೆಯಲ್ಲಿ ಬೆನ್ನಿನ ಬತ್ತಳಿಕೆ ಬೇಡವೇ ಬೇಡ. ಟೀವಿಯಲ್ಲಿ ಅರ್ಜುನನ ಭುಜದ ಮೇಲೆ ಅದು ಶೋಭಿಸುತ್ತದೆ, ನಿಜ. ಖಾಂಡವದಹನದ ಹೊತ್ತಿಗೆ ಅವನಿಗೆ ದಕ್ಕಿದ್ದು ಅಕ್ಷಯ ಬತ್ತಳಿಕೆ, ಬಾಣ ಉದುರಿದರೂ ಚಿಂತೆಯಿಲ್ಲ. ನಮಗೆ ಒಂದೊಂದು ಬಾಣಕ್ಕೂ ದುಡ್ಡು. ಅಭ್ಯಾಸದ ಮೈದಾನದಲ್ಲಿ ಸೊಂಟಕ್ಕೆ ಕಟ್ಟುವ ಬತ್ತಳಿಕೆಯೇ ಹಿತ: ಬಾಣ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ, ‘ಹೋಗಿ’ ಎಂದು ಮೂರು ಸೀಟಿ ಊದಿದ ಮೇಲೆ ಗುರಿಹಲಗೆಯಿಂದ ಬಾಣ ಕೀಳಲು ಹೋಗುವಾಗ ಹಿಂದೆ ಬರುವವರ ಕಣ್ಣಿಗೆ ನಾಕ್ ತಾಗುವುದಿಲ್ಲ. ಸ್ಕೂಟರಿನಲ್ಲಿ ಒಯ್ಯಲಿಕ್ಕೆ ಬತ್ತಳಿಕೆ ಬಳಸುವುದೇ ಬೇಡ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ನಕ್ಷೆ ಒಯ್ಯುವಂಥದ್ದು. ನಾವು ಈಗ ಅದನ್ನೇ ಬಳಸುತ್ತಿದ್ದೇವೆ.

ಆ ‘ಬೋಹಂಟಿಂಗ್’ ಅನ್ನುವ ಚೀಟಿಯ ವಿಷಯ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು, ಸರ್ಕಾರ ಗೊತ್ತು ಮಾಡಿದ ಋತುವಿನಲ್ಲಿ ಬಿಲ್ಲುಬೇಟೆ ಮಾಡುತ್ತಾರೆ. ಅಲ್ಲಿನ ಬ್ರಾಡ್‌ಹೆಡ್‌ಗೆ ಕ್ಷೌರದ ಬ್ಲೇಡಿನಂಥ ಅಲಗು. ಹಾಗಾಗಿ ಅಲ್ಲಿ ಬೇಟೆಯ ಬತ್ತಳಿಕೆಗೆ ಮೊದಲ ಷರತ್ತೇ ಅಲಗನ್ನು ಪೂರ್ತಿ ಮುಚ್ಚುವ ಗಟ್ಟಿ ಟೋಪಿ, ಬೇಟೆಗಾರ ಎಡವಿ ಬಿದ್ದರೂ ತನ್ನ ಬಾಣ ತನಗೇ ಚುಚ್ಚಬಾರದು. ಬಿಲ್ಲಿಗೇ ಕಟ್ಟುವ ಬತ್ತಳಿಕೆಯಲ್ಲಿ ಟೋಪಿಯೊಳಗೆ ಅಲಗು, ಕೆಳಗೆ ರಬ್ಬರ್ ಹಿಡಿಕೆಯಲ್ಲಿ ಬಾಣದ ಕಡ್ಡಿ. ಆ ರಬ್ಬರ್ ಬಾಣದ ದಪ್ಪಕ್ಕೆ ಸರಿಹೊಂದಬೇಕು. 11/32 ಇಂಚಿನ, ಅಂದರೆ 8.7 ಮಿಮೀ ಮರದ ಬಾಣಕ್ಕೆ ಮಾಡಿದ ಹಿಡಿಕೆಯಲ್ಲಿ ಸಪೂರ ಕಾರ್ಬನ್ ಬಾಣ ಅಲ್ಲಾಡಿ ಜಾರುತ್ತದೆ. ಸೇಂಟ್ ಚಾರ್ಲ್ಸ್ ಮಾದರಿ ಅನ್ನುವುದು ಬೆನ್ನಿನದೇ ಆದರೂ ಮೇಲೆ ಗರಿಗೆ ಮುಚ್ಚಿಗೆ, ಕೆಳಗೆ ಮೊನೆಗೆ ಪೆಟ್ಟಿಗೆ ಇರುತ್ತದೆ, ಮಳೆಗೆ ಗರಿ ನೆನೆಯುವುದಿಲ್ಲ. ನಮಗೆ ಮಾರಿದ್ದರಲ್ಲಿ ಇದ್ಯಾವುದೂ ಇಲ್ಲ. ಆ ರಟ್ಟಿನ ತಳದ ಚೀಲಕ್ಕೆ ಬ್ರಾಡ್‌ಹೆಡ್ ಇಳಿಬಿಟ್ಟು ಬೆನ್ನಿಗೆ ಹಾಕಿದ್ದರೆ ಹುಡುಗನ ಸೊಂಟದ ಗತಿ ಏನಾಗುತ್ತಿತ್ತೋ.

ಅದಕ್ಕಿಂತ ದೊಡ್ಡ ತಲೆನೋವು ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂದರೆ ಏನು ಎಂದು ಹೇಳುವಾಗ ಬಿಲ್ಲುಬಾಣವನ್ನೂ ಸೇರಿಸಿದೆ. ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕೆ ಹೋಗುವುದೇ ಅಪರಾಧ, ಪ್ರಾಣಿಯ ಮೇಲೆ ಬಾಣ ಬಿಡಬೇಕೆಂದೇನೂ ಇಲ್ಲ. ಭೀಮಾಶಂಕರದ ಕಾಡಿಗೆ ಟ್ರೆಕ್ಕಿಂಗ್, ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನ, ಗೋವಾದ ಮೊಲ್ಲೆಂ ಎಂದು ಹೊರಟಾಗ ‘ಫೋಟೊ ಚೆನ್ನಾಗಿ ಬರುತ್ತೆ’ ಎಂದು ಬಿಲ್ಲು, ಬತ್ತಳಿಕೆ ಒಯ್ಯಬೇಡಿ. ತೋಟ ನೋಡಿಕೊಳ್ಳುವವನು ನಮಗೂ ಒಮ್ಮೆ ಹೇಳಿದ್ದ, ರಾತ್ರಿ ಕಾಡುಹಂದಿ ಬರುತ್ತವೆ, ಒಂದೆರಡು ಹೊಡೆಯಿರಿ ಎಂದು. ಬೆಳೆ ಹಾಳು ಮಾಡುವ ಹಂದಿಗೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಪುಕ್ಕಟೆ ಬಂದ ಆ ಬ್ರಾಡ್‌ಹೆಡ್‌ಗಳಿಂದ ಗುರಿಹಲಗೆಯ ಫೋಮ್ ಸೀಳಿಹೋಗುತ್ತದೆ ಎಂಬುದು ಬಿಟ್ಟರೆ ನಮ್ಮಲ್ಲಿ ಅವುಗಳಿಗೆ ಬೇರೆ ಕೆಲಸವೇ ಇಲ್ಲ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಟೇಪ್ ಸುತ್ತಿ ಅಟ್ಟಕ್ಕೆ ಸೇರಿಸಿದ್ದೇನೆ.

ದುಡ್ಡು ವಾಪಸ್ ಕೇಳಲು ಹೋದಾಗ ಮಾಲೀಕರು ಬಿಲ್ ನೋಡಿ ಅಂದರು. ಅದರಲ್ಲಿ ಬರೆದದ್ದು ‘ಸ್ಪೋರ್ಟ್ಸ್ ಗೂಡ್ಸ್ – 1’, ಅಷ್ಟೇ. ಚರ್ಮದ ಸುದ್ದಿಯೇ ಇಲ್ಲ. ನೀವು ಕೊಳ್ಳುವಾಗ ‘ಅಸಲಿ ಚರ್ಮ’ ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಪುಣ್ಯಕ್ಕೆ ಆ ಚೀಟಿ ಬತ್ತಳಿಕೆಯ ಮೇಲೆ ಇನ್ನೂ ಅಂಟಿಕೊಂಡಿತ್ತು. ಅದರ ಫೋಟೊ, ಸೀಳಿದ ಅಂಚಿನ ಫೋಟೊ, ರಟ್ಟಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಮೇಲೆ ಅಂಗಡಿಯಿಂದಲೇ ಫೋನ್ ಬಂತು. “ಹೊಸಾ ಲಾಟ್ ಬಂದದ್ರಿ ಸರ, ಬದಲಿ ಪೀಸ್ ಕೊಡ್ತೀನಿ, ಕಂಪ್ಲೇಂಟ್ ತಗೀರಿ.” ಹೊಸ ಲಾಟಿನ ಒಂದು ಬತ್ತಳಿಕೆಯ ತಳ ಬಿಚ್ಚಿ ಫೋಟೊ ಕಳಿಸಿ ಅಂದೆ. ಇನ್ನೂ ಬಂದಿಲ್ಲ.