ವಾಕಡ್‌ ಸೊಸೈಟಿಯ ತೋಟ ನಿರ್ವಹಣೆ: ಹಿಂದಿನ ಏಜೆನ್ಸಿಗೆ ಒಂದು ನಕ್ಷತ್ರ, ಈಗಿನ ಮಾಲಿಗಳಿಗೆ ನಾಲ್ಕು

ಮಾರ್ಚ್ ತಿಂಗಳ ಒಂದು ಬೆಳಗ್ಗೆ ನಮ್ಮ ವಸತಿ ಸೊಸೈಟಿಯ ದಾಸವಾಳದ ಬುಡದಲ್ಲಿದ್ದ ಕಪ್ಪು ಪೈಪನ್ನು ಎತ್ತಿ ನೋಡಿದೆ. ಮೊಳದುದ್ದದ ತುಂಡು ಹಾಗೆಯೇ ಕೈಗೆ ಬಂತು. ಅದರ ಇನ್ನೊಂದು ತುದಿ ಯಾವುದಕ್ಕೂ ಜೋಡಣೆಯಾಗಿರಲಿಲ್ಲ. ಒಳಗೆ ಇರುವೆಗಳು ಮಣ್ಣು ತುಂಬಿದ್ದವು. ಆಗಿನ ಏಜೆನ್ಸಿಯ ತಿಂಗಳ ಬಿಲ್ಲಿನಲ್ಲಿ ಮಾತ್ರ ‘ಹನಿ ನೀರಾವರಿ ನಿರ್ವಹಣೆ’ ಎಂಬ ಸಾಲು ತಪ್ಪದೆ ಇರುತ್ತಿತ್ತು. ಧಾರವಾಡದಲ್ಲಿ ಮೂವತ್ತೊಂದು ವರ್ಷ ಬ್ಯಾಂಕಿನ ಲೆಕ್ಕ ತಾಳೆ ನೋಡಿದವಳು ನಾನು. ಆ ತುಂಡನ್ನು ತೊಳೆದು ಮನೆಗೆ ತಂದು ಬಿಲ್ಲುಗಳ ಕಡತದ ಜೊತೆಗೇ ಇಟ್ಟೆ.

ಮಗನ ಸಂಸಾರದೊಂದಿಗೆ ಪುಣೆಯ ವಾಕಡ್‌ಗೆ ಬಂದು ಐದು ವರ್ಷವಾಯಿತು. ಮೂರು ವಿಂಗ್, 212 ಮನೆ, ನಡುವೆ ಒಂದೂಕಾಲು ಎಕರೆ ಹಸಿರು. ಮೊದಲ ಎರಡು ವರ್ಷ ಬಿಲ್ಡರ್ ನೇಮಿಸಿದ ಏಜೆನ್ಸಿಯೇ ತೋಟ ನೋಡಿಕೊಳ್ಳುತ್ತಿತ್ತು. ತೋಟಕ್ಕೆಂದು ಚದರ ಅಡಿಗೆ 60 ಪೈಸೆ. 1,050 ಚದರ ಅಡಿಯ ನಮ್ಮ ಮನೆಗೆ 630 ರೂಪಾಯಿ, 850 ಚದರ ಅಡಿಯವರಿಗೆ 510. ದೊಡ್ಡ ಮನೆಗಳು 130, ಚಿಕ್ಕವು 82. ಒಟ್ಟು ಕೂಡಿಸಿದರೆ ತಿಂಗಳಿಗೆ 1,23,720 ರೂಪಾಯಿ. ಆರು ಮಾಲಿಗಳ ಸಂಬಳ ಎಂದು ಬರೆದಿರುತ್ತಿದ್ದರು. ನಾನು ಬೆಳಗ್ಗೆ ಏಳಕ್ಕೂ ಸಂಜೆ ಐದಕ್ಕೂ ನಡೆಯಲು ಇಳಿಯುತ್ತೇನೆ. ಮೂವರಿಗಿಂತ ಹೆಚ್ಚು ಜನರನ್ನು ಒಂದು ದಿನವೂ ಕಾಣಲಿಲ್ಲ.

ಕೇಳಿದರೆ ಅವರ ಮ್ಯಾನೇಜರ್ ಹುಡುಗ, “ಕಾಕೂ, ತೋಟ ಹಸಿರಾಗಿಯೇ ಇದೆಯಲ್ಲ, ನಿಮಗೇಕೆ ಲೆಕ್ಕ?” ಎಂದ. ಆ ಮಾತು ನನಗೆ ನಾಟಿತು. ಹಣ ಕೊಡುವುದು ನಮ್ಮ ಕೆಲಸ, ಅದು ಎಲ್ಲಿ ಹೋಯಿತೆಂದು ತಿಳಿಯುವುದು ನಮ್ಮ ಕೆಲಸವಲ್ಲ ಎನ್ನುವ ಧೋರಣೆ ಅದು. ಬಿಲ್ಡರ್‌ಗಳನ್ನು ನಿಯಂತ್ರಿಸುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) 11ನೆಯ ಕಲಂ, ನಿವಾಸಿಗಳ ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ಬಿಲ್ಡರ್ ‘ಸಮಂಜಸ ಶುಲ್ಕ’ಕ್ಕೆ ಒದಗಿಸಬೇಕು ಎನ್ನುತ್ತದೆ. ಖರ್ಚನ್ನೇ ತೋರಿಸದಿದ್ದರೆ ಶುಲ್ಕ ಸಮಂಜಸವೋ ಅಲ್ಲವೋ ಹೇಗೆ ತಿಳಿಯಬೇಕು? ತಡವಾಗಿ ಕಟ್ಟಿದವರಿಗೆ ಶೇಕಡ 24 ಬಡ್ಡಿ ಬೇರೆ. ವಸತಿ ಸೊಸೈಟಿಗಳ ಮಾದರಿ ಬೈಲಾದಲ್ಲಿಯೇ, ಅಂದರೆ ಮಹಾರಾಷ್ಟ್ರದ ಸೊಸೈಟಿಗಳಿಗೆಂದು ಇರುವ ಮಾದರಿ ನಿಯಮಾವಳಿಯಲ್ಲಿಯೇ, ಆಗ ಗರಿಷ್ಠ ಮಿತಿ ವರ್ಷಕ್ಕೆ ಶೇಕಡ 21 ಇತ್ತು. ಈ ಏಜೆನ್ಸಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಆ ಒಂದು ನಕ್ಷತ್ರವೂ ಬಿಸಿಲಲ್ಲಿ ದುಡಿದ ಆ ಮೂವರಿಗೆ ಸೇರಬೇಕಾದದ್ದು.

ಸೊಸೈಟಿ ನೋಂದಣಿಯಾದ ಮೇಲೆ ತೋಟ ನಮ್ಮ ಕೈಗೆ ಬಂತು, ಜಗಳವೂ ಜೊತೆಗೇ ಬಂತು. ಸಿ ವಿಂಗ್‌ನವರ ಕಿಟಕಿಗಳು ಹಿಂದಿನ ರಸ್ತೆಯ ಕಡೆಗಿವೆ. “ನಮಗೆ ಒಂದು ಎಲೆಯೂ ಕಾಣುವುದಿಲ್ಲ, ನಾವೇಕೆ ಕೊಡಬೇಕು?” ಎಂದು ಅವರು ಸಭೆಯಲ್ಲಿ ಎದ್ದು ನಿಂತರು. ಕೆಲವರು ತೋಟದ ಹಣವನ್ನು ಕಳೆದು ಉಳಿದದ್ದನ್ನಷ್ಟೇ ಕಟ್ಟತೊಡಗಿದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು: ‘ತೋಟದ ನೋಟ’ ಎಂದು ಎ ವಿಂಗ್ ಮನೆಗಳನ್ನು ಹೆಚ್ಚಿನ ಬೆಲೆಗೆ ಮಾರಿದ್ದು ಅವರಿಗೆಲ್ಲ ಗೊತ್ತು. ಆದರೆ ಹಣ ತಡೆಹಿಡಿಯುವುದು ದಾರಿಯಲ್ಲ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಬಾಕಿ ಉಳಿಸಿದವರ ಮೇಲೆ ಸೊಸೈಟಿ ರಿಜಿಸ್ಟ್ರಾರರಿಂದ ವಸೂಲಿ ಪ್ರಮಾಣಪತ್ರ ತರಬಹುದು. ಮಾದರಿ ಬೈಲಾದ ಸೇವಾ ಶುಲ್ಕದ ಪಟ್ಟಿಯಲ್ಲಿ ಕಾವಲುಗಾರರು, ಲಿಫ್ಟ್‌ಮ್ಯಾನ್‌ಗಳ ಪಕ್ಕದಲ್ಲೇ ‘ಮಾಲಿ’ ಎಂಬ ಪದವೂ ಇದೆ. ಆ ಶುಲ್ಕ ಮನೆಗೆ ಇಷ್ಟೆಂದು ಎಲ್ಲರಿಗೂ ಸಮ. ಸೊಸೈಟಿಯಾಗದೆ ಮಹಾರಾಷ್ಟ್ರದ 1970ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಮನೆಮಾಲೀಕರ ಸಂಘವಾಗಿರುವ ಸಂಕೀರ್ಣಗಳ, ಅಂದರೆ ಕಾಂಡೊಮಿನಿಯಂಗಳ, ದಾರಿ ಬೇರೆ. ಅಲ್ಲಿ ದೊಡ್ಡ ಮನೆಯವರು ಹೆಚ್ಚು ಕೊಡಬೇಕೆಂದು ಪುಣೆಯದೇ ಒಂದು ಸಂಕೀರ್ಣದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರಲ್ಲಿ ಹೇಳಿದೆ. ನಿಮ್ಮದು ಯಾವ ಬಗೆಯ ನೋಂದಣಿ ಎಂದು ಮೊದಲು ನೋಡಿಕೊಂಡು ಆಮೇಲೆ ವಾದಕ್ಕೆ ಇಳಿಯಿರಿ.

ಸಿ ವಿಂಗ್‌ನವರನ್ನು ಒಲಿಸಿದ್ದು ಬೈಲಾ ಅಲ್ಲ, ಕಲ್ಲುಬೆಂಚುಗಳು. ಎ ವಿಂಗ್ ಎದುರಿಗಿದ್ದ ನಾಲ್ಕರಲ್ಲಿ ಎರಡನ್ನು ಅವರ ಬಾಗಿಲ ಬಳಿ ಹಾಕಿಸಿ, ಹಿಂಗೋಡೆಯ ಉದ್ದಕ್ಕೂ ಹೊಂಗೆ ಸಸಿ ನೆಟ್ಟೆವು. ಅಲ್ಲಿನ ಅಜ್ಜಂದಿರು ಈಗ ಸಂಜೆ ಅಲ್ಲಿಯೇ ಕೂರುತ್ತಾರೆ. ಬಾಕಿ ತಾನಾಗಿ ಬಂತು.

ಈಗ ಏಜೆನ್ಸಿ ಇಲ್ಲ, ಸೊಸೈಟಿಯೇ ಮೂವರು ಮಾಲಿಗಳನ್ನು ಇಟ್ಟುಕೊಂಡಿದೆ. ಸಂಬಳ, ಗೊಬ್ಬರ, ಸಲಕರಣೆ ಸೇರಿ ತಿಂಗಳಿಗೆ ಸುಮಾರು 62,000 ರೂಪಾಯಿ, ಮನೆಗೆ 300. ಮುಖ್ಯ ಮಾಲಿ ಅಕ್ಕಲಕೋಟೆ ಕಡೆಯವನು, ಮನೆಮಾತು ಕನ್ನಡ. ಮೊದಲ ದಿನವೇ, “ಅಕ್ಕಾ, ಈ ಹುಲ್ಲಿಗೆ ಕುಡಿಸುವ ನೀರಿನಲ್ಲಿ ಹತ್ತು ಗಿಡ ಬೆಳೆಯುತ್ತವೆ” ಎಂದ. ವಾಕಡ್ ಸೇರಿರುವ ಪಿಂಪ್ರಿ-ಚಿಂಚ್‌ವಡ್ ಪಾಲಿಕೆಯಲ್ಲಿ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನ ನೀರು. ಮನುಷ್ಯರೇ ಟ್ಯಾಂಕರ್ ಕಾಯುವಾಗ ಹುಲ್ಲುಹಾಸಿಗೆ ದಿನವೂ ನೀರು ಚಿಮ್ಮಿಸುವುದು ನನಗೂ ಸಂಕಟದ ವಿಷಯವಾಗಿತ್ತು. ಮಕ್ಕಳು ಆಡುವಷ್ಟು ಹುಲ್ಲು ಉಳಿಸಿ, ಉಳಿದ ಕಡೆ ಕಕ್ಕೆ, ಬೇವು, ಕಣಗಿಲೆ ಹಾಕಿದೆವು. ತೋಟಕ್ಕೆ ನೀರು ಈಗ ಸೊಸೈಟಿಯ ಕೊಳಚೆನೀರು ಶುದ್ಧೀಕರಣ ಘಟಕದಿಂದಲೇ ಬರುತ್ತದೆ.

ಅವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಜನವರಿಯ ಚಳಿಯಲ್ಲಿ ದುಂಡುಮಲ್ಲಿಗೆಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ. ಕುಕ್ಕರುಗಾಲಲ್ಲಿ ಕುಳಿತು, ಕಾಂಡದಿಂದ ಒಂದು ಗೇಣು ಬಿಟ್ಟು ಸುತ್ತ ಮಣ್ಣು ಸಡಿಲಿಸಿದ. ಖುರಪಿಯನ್ನು ಬೇರಿನ ಕಡೆಗೆ ತಿರುಗಿಸಲೇ ಇಲ್ಲ. ನಮ್ಮ ಹಸಿಕಸದಿಂದಲೇ ಮಾಡಿದ ಗೊಬ್ಬರವನ್ನು ಬೊಗಸೆಯಲ್ಲಿ ಅಳೆದು ಹಾಕಿ, ಅಂಗೈಯಿಂದ ಒತ್ತಿದ. ಏಪ್ರಿಲ್‌ನಲ್ಲಿ ಆ ಗಿಡಗಳ ಹೂವು ಮೂರೂ ವಿಂಗ್‌ನ ದೇವರಮನೆಗಳಿಗೆ ಹೋಯಿತು. ಅಂದಂದಿನ ಕೆಲಸವನ್ನು ಅವನು ಶಾಲೆಯ ನೋಟ್‌ಪುಸ್ತಕದಲ್ಲಿ ಮರಾಠಿಯಲ್ಲಿ ಬರೆಯುತ್ತಾನೆ. ಪುಸ್ತಕ ಗೇಟಿನ ಬಳಿ ದಾರದಲ್ಲಿ ತೂಗುತ್ತಿರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಮರದ ಕೊಂಬೆ ಕಡಿಯಲು ಪಾಲಿಕೆಯಿಂದ ಪಡೆದ ಅನುಮತಿ ಪತ್ರವನ್ನೂ ಅದರೊಳಗೇ ಅಂಟಿಸಿದ್ದೇವೆ. ಶುಲ್ಕದ ಬಗ್ಗೆ ಎದ್ದ ನೂರು ಪ್ರಶ್ನೆಗಳಿಗೆ ಆ ಪುಸ್ತಕ ಉತ್ತರ ಕೊಟ್ಟಿದೆ.

ಐದನೆಯ ನಕ್ಷತ್ರ ಏಕಿಲ್ಲ? ಆಷಾಢ ಏಕಾದಶಿಗೆ ಮುಖ್ಯ ಮಾಲಿ ಪಾಲ್ಖಿಯ, ಅಂದರೆ ಸಂತರ ಪಾದುಕೆಗಳ ಪಲ್ಲಕ್ಕಿಯ, ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಾನೆ. ಹೋಗಲಿ, ಅದು ಅವನ ವ್ರತ, ತಡೆಯುವ ಮಾತೇ ಇಲ್ಲ. ಆದರೆ ಆ ಮೂರು ವಾರಕ್ಕೆ ಬದಲಿ ವ್ಯವಸ್ಥೆಯನ್ನು ಸಮಿತಿ ಇನ್ನೂ ಮಾಡಿಲ್ಲ. ಕಳೆದ ವರ್ಷ ಕಳೆ ಮಂಡಿಯೆತ್ತರಕ್ಕೆ ಬೆಳೆದು, ಆಟದ ಜಾಗದಲ್ಲಿ ನೀರು ನಿಂತು ಸೊಳ್ಳೆಯಾಯಿತು. ಶುದ್ಧೀಕರಣ ಘಟಕದ ಪಂಪಿನ ವಿದ್ಯುತ್ ವೆಚ್ಚವೂ ತೋಟದ ಲೆಕ್ಕಕ್ಕೆ ಬರುತ್ತಿಲ್ಲ. ಅದನ್ನೂ ಸೇರಿಸಿದರೆ 300 ಸಾಲದು. ಸಮಿತಿ ಅದನ್ನು ಈಗಲೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಉಳಿದಿದೆ. ಕೀಲಿಕೈ ಕೊಡುವಾಗ ಬಿಲ್ಡರ್ ಒಂದು ವರ್ಷದ ನಿರ್ವಹಣೆಯ ಹಣವನ್ನು ಮುಂಗಡವಾಗಿ ಪಡೆದಿದ್ದರು. ಅಂಥ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ತೆಗೆದುಕೊಂಡ ಉದ್ದೇಶಕ್ಕೇ ಬಳಸಬೇಕೆಂದು ಮಹಾರಾಷ್ಟ್ರದ 1963ರ ಫ್ಲ್ಯಾಟ್ ಮಾಲೀಕತ್ವ ಕಾಯ್ದೆಯ 5ನೆಯ ಕಲಂ ಹೇಳುತ್ತದೆ. ಮೂರು ಪತ್ರ ಬರೆದಿದ್ದೇವೆ, ಲೆಕ್ಕ ಬಂದಿಲ್ಲ. ಮುಂದಿನ ಭಾನುವಾರ ಸರ್ವಸದಸ್ಯರ ಸಭೆ ಇದೆ. ಕಡತವನ್ನೂ ಆ ಪೈಪಿನ ತುಂಡನ್ನೂ ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ.