ನನಗೆ 'ಮಿಸೆರೆರೆ'ಗಿಂತ ಪಾಲೆಸ್ಟ್ರೀನಾನೇ ಮೇಲು: ಟ್ಯಾಲಿಸ್ ಸ್ಕಾಲರ್ಸ್ 1980ರ ಧ್ವನಿಮುದ್ರಣ

ನಮ್ಮ ಚರ್ಚಿನ ಗಾಯನ ವೃಂದದಲ್ಲಿ ನಾನು ಟೆನರ್, ಅಂದರೆ ಗಂಡಸರ ಮೇಲಿನ ದನಿ. ಯಾವ ಕಾಯರ್ ಕೇಳಿದರೂ ಕಿವಿ ಮೊದಲು ಹೋಗುವುದು ನಡುವಿನ ದನಿಗಳ ಕಡೆಗೆ. ಇಂಗ್ಲೆಂಡಿನ ಗಾಯನ ತಂಡ ಟ್ಯಾಲಿಸ್ ಸ್ಕಾಲರ್ಸ್, ಪೀಟರ್ ಫಿಲಿಪ್ಸ್ ನಿರ್ದೇಶನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು ಚಾಪೆಲ್‌ನಲ್ಲಿ ಮುದ್ರಿಸಿದ ಈ ಆಲ್ಬಂನಲ್ಲಿ ಆ ದನಿಗಳು ಒಂದೊಂದೂ ಬಿಡಿಬಿಡಿಯಾಗಿ ಸಿಗುತ್ತವೆ. ವಾದ್ಯದ ಆಸರೆಯೇ ಇಲ್ಲ.

ಹೆಚ್ಚಿನವರು ಇದನ್ನು ಹುಡುಕುವುದು ಇಟಲಿಯ ಸಂಯೋಜಕ ಅಲ್ಲೆಗ್ರಿಯ 'ಮಿಸೆರೆರೆ'ಗಾಗಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಾವು ಹೇಳಿಕೊಳ್ಳುವ 51ನೇ ಕೀರ್ತನೆಯೇ ಅದು. 17ನೇ ಶತಮಾನದಲ್ಲಿ ರೋಮಿನಲ್ಲಿ ಪೋಪರ ಪ್ರಾರ್ಥನಾಲಯವಾದ ಸಿಸ್ಟೀನ್ ಚಾಪೆಲ್‌ನ ಪವಿತ್ರ ವಾರಕ್ಕೆಂದು ಹುಟ್ಟಿದ್ದು. ಐದು ದನಿಯ ಗುಂಪು ಒಂದು ಚರಣ ಹಾಡುತ್ತದೆ, ಆಮೇಲೆ ಏಕಧ್ವನಿಯ ಪಠಣ, ಆಮೇಲೆ ದೂರದಿಂದ ನಾಲ್ವರು. ದೂರವೆಂದರೆ ನಿಜಕ್ಕೂ ದೂರ. ಅವರನ್ನು ಆಚೆ ನಿಲ್ಲಿಸಿ ಹಾಡಿಸಿದ್ದಾರೆ, ಕಟ್ಟಡದ ಗುಂಗು ದನಿಗೆ ಅಂಟಿಕೊಂಡೇ ಬರುತ್ತದೆ. ಆ ಹೆಸರಾಂತ ತಾರದ ಸಿ ಸ್ವರವನ್ನು ಗಾಯಕಿ ಆಲಿಸನ್ ಸ್ಟ್ಯಾಂಪ್ ಒಂದಿಷ್ಟೂ ಎಳೆದಾಡದೆ ಮುಟ್ಟುತ್ತಾರೆ. ಆ ಸ್ವರ ಅಲ್ಲೆಗ್ರಿ ಬರೆದದ್ದಲ್ಲ, 19ನೇ ಶತಮಾನದ ಪ್ರತಿಗಳ ಕಲಬೆರಕೆಯಲ್ಲಿ ಸೇರಿಕೊಂಡದ್ದು. ಅದು ಗೊತ್ತಿದ್ದೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಆದರೂ ಆಲ್ಬಂನ ಜೀವ ಇರುವುದು 16ನೇ ಶತಮಾನದ ಇಟಲಿಯ ಸಂಯೋಜಕ ಪಾಲೆಸ್ಟ್ರೀನಾನ 'ಮಿಸ್ಸಾ ಪಾಪೆ ಮಾರ್ಚೆಲ್ಲಿ'ಯಲ್ಲಿ. 1555ರಲ್ಲಿ ಮೂರೇ ವಾರ ಪೀಠದಲ್ಲಿದ್ದ ಪೋಪ್ ಎರಡನೇ ಮಾರ್ಸೆಲಸ್ ಹೆಸರಿನ ಪೂಜಾಗೀತೆ. ದನಿಗಳ ಹೆಣಿಗೆಯಲ್ಲಿ ಪ್ರಾರ್ಥನೆಯ ಪದಗಳೇ ಮುಳುಗಿಹೋಗುತ್ತವೆ ಎಂಬ ತಕರಾರು ಅದೇ ಶತಮಾನದ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಮಹಾಸಭೆಯ ಕಾಲದಲ್ಲಿ ಜೋರಾಗಿತ್ತು. ಈ ಕೃತಿಯೇ ಬಹುಧ್ವನಿ ಸಂಗೀತವನ್ನು ನಿಷೇಧದಿಂದ ಉಳಿಸಿತೆನ್ನುವುದು ಬರೀ ದಂತಕಥೆ. ಆದರೆ ಆ ತಕರಾರಿಗೆ ಉತ್ತರ ಬೇಕಿದ್ದರೆ ಇದರ ವಿಶ್ವಾಸ ಪ್ರಮಾಣ (ಕ್ರೇದೋ) ಭಾಗ ಕೇಳಿ. ಆರು ದನಿ ಇದ್ದೂ ಅಕ್ಷರ ಅಕ್ಷರವೂ ಕೇಳುತ್ತದೆ. ದೇವರು ಮನುಷ್ಯನಾದ ಸಾಲು ಬಂದಾಗ ಎಲ್ಲರೂ ಒಟ್ಟಿಗೆ, ಒಂದೇ ನಡೆಯಲ್ಲಿ ಪದ ಹಿಡಿಯುತ್ತಾರೆ. ಶಿಲುಬೆಯ ಸಾಲಿಗೆ ಬಂದಾಗ ದನಿಗಳು ನಾಲ್ಕಕ್ಕಿಳಿಯುತ್ತವೆ. ಕೊನೆಯ ಆಗ್ನುಸ್ ದೇಯಿ, ಅಂದರೆ 'ದೇವರ ಕುರಿಮರಿ' ಪ್ರಾರ್ಥನೆಯಲ್ಲಿ ಏಳಾಗುತ್ತವೆ.

ಸಿಸ್ಟೀನ್‌ನಲ್ಲಿ ಹಾಡುತ್ತಿದ್ದವರು ಗಂಡಸರು ಮಾತ್ರ, ಇಲ್ಲಿ ಮೇಲಿನ ದನಿ ಹೆಂಗಸರದ್ದು. ಅದಕ್ಕೆ ಮೂಗು ಮುರಿಯುವವರಿದ್ದಾರೆ. ಇಷ್ಟು ತಿಳಿಯಾದ ಶ್ರುತಿ ಸಿಕ್ಕಿರುವಾಗ ನನಗೆ ಆ ದೂರು ಹಿಡಿಸುವುದಿಲ್ಲ. ಇಂಗ್ಲೆಂಡಿನ ಸಂಯೋಜಕ ವಿಲಿಯಂ ಮಂಡಿಯ ಒಂದು ದೀರ್ಘ ಕೃತಿಯೂ ಇದೆ, ಅದನ್ನು ಆಮೇಲೆ ಕೇಳಿದರಾಯಿತು.

ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಆ ದೂರದ ನಾಲ್ವರು ಮಾಯವಾಗುತ್ತಾರೆ. ಒಳ್ಳೆಯ ಹೆಡ್‌ಫೋನ್ ಇರಲಿ, ಪಕ್ಕದಲ್ಲಿ ಕನ್ನಡ ಬೈಬಲ್‌ನ 51ನೇ ಕೀರ್ತನೆ ತೆರೆದಿಟ್ಟುಕೊಳ್ಳಿ.