20 ಕಲ್ಲು ಕೊಟ್ಟೆ, 16 ರಿಜೆಕ್ಟ್, ಆದ್ರೂ ನಾಲ್ಕು ಸ್ಟಾರ್

ಹಳೇ ಲಾವಾ ಕಲ್ಲಿಂದ ಆ ಕಾಲದ ಭೂಮಿಯ ಕಾಂತಕ್ಷೇತ್ರ ಎಷ್ಟು ಬಲವಾಗಿತ್ತು ಅಂತ ಅಳೆದು ಕೊಡೋ ಲ್ಯಾಬ್ ಒಂದಕ್ಕೆ ಒಂದೇ ಲಾವಾ ಪದರದ 20 ಸ್ಯಾಂಪಲ್ ಕೊಟ್ಟಿದ್ದೆ, ಹೆಸರು ಬೇಡ ಬಿಡಿ. ತಿಂಗಳುಗಟ್ಟಲೆ ಕಾದ್ಮೇಲೆ ನಾಲ್ಕಕ್ಕೆ ಮಾತ್ರ ಉತ್ತರ ಬಂತು. ಮೊದ್ಲು ಸಿಕ್ಕಾಪಟ್ಟೆ ಸಿಟ್ಟು ಬಂದಿದ್ದು ನಿಜ.

ಆದ್ರೆ ಈ ಕೆಲಸನೇ ಹಂಗೆ. ಲಾವಾ ಆರ್ತಾ ಅದ್ರೊಳಗಿನ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಾಗ ಆಗಿನ ಕ್ಷೇತ್ರನ ಹಿಡಿದಿಟ್ಕೊಳ್ಳತ್ತೆ, ದಿಕ್ಕು ಓದೋದು ಅಷ್ಟು ಕಷ್ಟ ಅಲ್ಲ, ಬಲ ಓದೋದೇ ತಲೆನೋವು, ಯಾಕಂದ್ರೆ ಕ್ಷೇತ್ರ ಜೋರಾಗಿತ್ತಾ ಇಲ್ಲಾ ಕಲ್ಲಲ್ಲೇ ಮ್ಯಾಗ್ನೆಟೈಟ್ ಜಾಸ್ತಿ ಇದ್ಯಾ ಅಂತ ಬರೀ ಅಳೆದ್ರೆ ಗೊತ್ತಾಗಲ್ಲ. ಅದಕ್ಕೆ ಫ್ರಾನ್ಸಿನ ವಿಜ್ಞಾನಿಗಳಾದ ಟೆಲಿಯೇ ದಂಪತಿ 1959ರಲ್ಲಿ ಬರೆದ ವಿಧಾನನೇ ಇವತ್ತಿಗೂ ಹೆಚ್ಚಾಗಿ ಬಳಸೋದು. ಈ ಲ್ಯಾಬ್‌ನೋರು ಮಾಡಿದ್ದು ಅದರಲ್ಲಿ ಕೋ ಅನ್ನೋ ವಿಜ್ಞಾನಿ 1967ರಲ್ಲಿ ತಂದ ಬದಲಾವಣೆ: ಒಂದೇ ಉಷ್ಣತೆಗೆ ಎರಡು ಸಲ ಕಾಯಿಸೋದು, ಒಂದ್ಸಲ ಕ್ಷೇತ್ರ ಸೊನ್ನೆ ಮಾಡಿ, ಇನ್ನೊಂದ್ಸಲ 40 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಕ್ಷೇತ್ರ ಹಾಕಿ, ಕಲ್ಲಿನ ಹಳೇ ಕಾಂತತೆ ಎಷ್ಟು ಹೋಯ್ತು ಹೊಸದು ಎಷ್ಟು ಹತ್ತಿತು ಅಂತ ಪ್ರತಿ ಮೆಟ್ಟಿಲಲ್ಲೂ ಬರೆದಿಡೋದು. ಹೋಗಿದ್ದು, ಹತ್ತಿದ್ದು ಎರಡನ್ನೂ ಒಂದಕ್ಕೊಂದು ಹೋಲಿಸೋ ಅರಾಯ್ ಗ್ರಾಫಲ್ಲಿ ಹಾಕಿದಾಗ ಗೆರೆ ನೇರ ಬಂದ್ರೆ ಅದರ ಇಳಿಜಾರನ್ನ 40ರಿಂದ ಗುಣಿಸಿದ್ರೆ ಆಯ್ತು. ನನ್ನ ನಾಲ್ಕೂ 29ರಿಂದ 33ರ ಒಳಗೇ ಬಂದ್ವು (ಈಗ ಭೂಮಿ ಮೇಲೆ ಜಾಗ ನೋಡಿ ಸುಮಾರು 25ರಿಂದ 65 ಇರತ್ತೆ).

ಮಿಕ್ಕಿದ್ರಲ್ಲಿ ಒಂಬತ್ತು ಕಾಯಿಸೋವಾಗಲೇ ಕೆಟ್ಟಿದ್ವು, ಅಂದ್ರೆ ಓವನ್ನಲ್ಲೇ ಹೊಸ ಮ್ಯಾಗ್ನೆಟೈಟ್ ಹುಟ್ಕೊಂಡಿತ್ತು. ಮೇಲಿನ ಉಷ್ಣತೆ ಮುಗಿಸಿ ವಾಪಸ್ ಕೆಳಗಿನದಕ್ಕೆ ಬಂದು ಮತ್ತೆ ಕಾಯಿಸಿ ನೋಡ್ತಾರೆ, ಮೊದಲಿನಷ್ಟೇ ಹತ್ತಿಲ್ಲ ಅಂದ್ರೆ ಕಲ್ಲು ಬದಲಾಗಿದೆ ಅಂತ. ಇನ್ನುಳಿದ ಏಳರಲ್ಲಿ ಮ್ಯಾಗ್ನೆಟೈಟ್ ಕಣಗಳು ದಪ್ಪ, ಅದಕ್ಕೇ ಗ್ರಾಫಿನ ಗೆರೆ ಬಾಳೆಹಣ್ಣಿನ ಹಾಗೆ ಬಗ್ಗಿತ್ತು. ಆ ಬಗ್ಗಿದ ಗೆರೆಯ ಮೊದಲರ್ಧ ಮಾತ್ರ ಹಿಡ್ಕೊಂಡು ಯಾವುದೋ ಒಂದು ದೊಡ್ಡ ನಂಬರ್ ಬರೆದು ಕೊಟ್ಟಿದ್ರೆ ನಾನೂ ಖುಷಿಯಾಗೇ ತಗೋತಿದ್ದೆ, ಮೋಸ ಹೋಗ್ತಿದ್ದೆ. ಹವಾಯಿಯ 1960ರ ಲಾವಾನೇ ನೋಡಿ, ಆಗಿನ ಕ್ಷೇತ್ರ ಸುಮಾರು 36 ಮೈಕ್ರೋಟೆಸ್ಲಾ ಅಂತ ಮೊದಲೇ ಗೊತ್ತು, ಆದ್ರೂ ಎಷ್ಟೋ ತುಣುಕು ಅದಕ್ಕಿಂತ ಜಾಸ್ತಿನೇ ತೋರ್ಸಿದಾವೆ. ಅದಕ್ಕೇ "ಇದು ಆಗಲ್ಲ" ಅಂತ ಧೈರ್ಯವಾಗಿ ಹೇಳೋ ಲ್ಯಾಬ್ ನಂಗಿಷ್ಟ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂದ್ರೆ, ಫಸ್ಟ್ ರಿಪೋರ್ಟಲ್ಲಿ ಬರೀ ಸರಾಸರಿ ಇತ್ತು, ಗ್ರಾಫ್‌ಗೆ ಎರಡು ಸಲ ಮೇಲ್ ಮಾಡಬೇಕಾಯ್ತು. ಗ್ರಾಫ್ ಇಲ್ದೆ ಆ ನಂಬರ್ ಇಟ್ಕೊಂಡು ಏನ್ ಮಾಡೋದು? ಇನ್ನೊಂದು, ಶುರು ಮಾಡೋಕೆ ಮುಂಚೆ ಕಲ್ಲಿನ ಚಿಟಿಕೆ ಪುಡಿ ಕಾಯಿಸಿ ಆರಿಸಿ ಕಾಂತಗುಣ ಬದಲಾಗತ್ತಾ ಅಂತ ನೋಡಿದ್ರೆ ಆ ಒಂಬತ್ತರಲ್ಲಿ ಸುಮಾರು ಅವತ್ತೇ ಸಿಕ್ಕಿಬೀಳ್ತಿದ್ವು, ಓವನ್ ಟೈಮೂ ಉಳೀತಿತ್ತು.

ನನ್ನ ತಪ್ಪೂ ಇದೆ, ಪದರದ ಮಧ್ಯದ, ನಿಧಾನಕ್ಕೆ ಆರಿದ ದಪ್ಪ ಹರಳಿನ ಭಾಗನೇ ಜಾಸ್ತಿ ಕೊರೆದು ತಂದಿದ್ದೆ. ಬೇಗ ಆರಿದ ಅಂಚಿಂದ ತನ್ನಿ, ಗುಡ್ಡದ ನೆತ್ತಿ ಬೇಡ, ಸಿಡಿಲು ಬಡಿದಿದ್ರೆ ಹಳೇ ಗುರುತೇ ಹಾಳಾಗಿರತ್ತೆ.